ಹಾಜರಿ ಪುಸ್ತಕದ ಹೆಂಗಸರು

ತೊಂಬತ್ತರ ದಶಕದ ಕೊನೆಯ ಒಂದು ಜನವರಿ. ಸುಂಟಿಕೊಪ್ಪದ ಸುತ್ತಮುತ್ತಲ ತೋಟಗಳಲ್ಲಿ ಕಾಫಿ ಕುಯ್ಲು ಭರದಿಂದ ಸಾಗಿತ್ತು. ಅಂಥ ದಿನಗಳಲ್ಲೇ, ವಿದೇಶದ ಹಣದಿಂದ ನಡೆಯುತ್ತಿದ್ದ ಒಂದು ಯೋಜನೆಯನ್ನು ನೋಡಲು ಇಬ್ಬರು ಪರದೇಶದವರು ಬಂದರು. ಯಾವ ಯೋಜನೆ, ಯಾವ ಸಂಸ್ಥೆ ಎಂಬುದು ಇಲ್ಲಿ ಮುಖ್ಯವಲ್ಲ. ಇಂಗ್ಲಿಷ್ ಬಲ್ಲ ಟೀಚರು ಎಂಬ ಕಾರಣಕ್ಕೆ ನನ್ನನ್ನು ದುಭಾಷಿಯಾಗಿ ಕರೆದೊಯ್ದರು. ಲೈನ್ ಮನೆಗಳ ಮುಂದಿನ ಅಂಗಳದಲ್ಲಿ ಜಮಖಾನೆ ಹಾಸಿ ಬೆಳಿಗ್ಗೆ ಹತ್ತು ಗಂಟೆಗೇ ಹೆಂಗಸರನ್ನು ಕೂರಿಸಿದ್ದರು. ಒಂದು ನೋಟ್ ಪುಸ್ತಕ ಕೈಯಿಂದ ಕೈಗೆ ದಾಟುತ್ತಿತ್ತು. ಬರೆಯಲು ಬಲ್ಲವರದು ಸಹಿ, ಬಾರದವರದು ಹೆಬ್ಬೆಟ್ಟು.

ಬಂದವರು ಒಳ್ಳೆಯವರೇ. ಜಮಖಾನೆಯ ಮೇಲೆ ಹೆಂಗಸರ ಜೊತೆಯಲ್ಲೇ ಕೂತರು, ಮಗುವೊಂದನ್ನು ಎತ್ತಿಕೊಂಡು ಆಡಿಸಿದರು. ಆಮೇಲೆ, ಯೋಜನೆಯಿಂದ ನಿಮಗೇನು ಅನುಕೂಲವಾಯಿತು ಎಂದು ಕೇಳಿದರು. ನಾನು ಕನ್ನಡದಲ್ಲಿ ಹೇಳಿದೆ. ಮುಂದೆ ಕೂತಿದ್ದ ಒಬ್ಬಾಕೆ ಅವರನ್ನು ನೋಡದೆ ನನ್ನ ಕಡೆ ತಿರುಗಿ, "ಅದಿರ್ಲಿ ಟೀಚರೇ, ಇವತ್ತಿನ ಕೂಲಿ ಯಾರು ಕೊಡ್ತಾರೆ?" ಎಂದಳು.

ನಮ್ಮನ್ನು ಕರೆದುಕೊಂಡು ಬಂದಿದ್ದ ಕಾರ್ಯಕರ್ತನ ಮುಖ ಬಿಳಿಚಿತು. ನಾನೇನು ಮಾಡಿದೆ ಗೊತ್ತೇ? ಇವರಿಗೆಲ್ಲ ಬಹಳ ಸಂತೋಷವಾಗಿದೆ, ಇನ್ನಷ್ಟು ತರಬೇತಿ ಬೇಕೆನ್ನುತ್ತಾರೆ ಎಂದು ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ. ಅವರು ತಲೆಯಾಡಿಸಿ ಬರೆದುಕೊಂಡರು.

ಮಧ್ಯಾಹ್ನ ಊಟ ಹಾಕಿ ನನ್ನ ಕೈಗೊಂದು ಕವರು ಕೊಟ್ಟರು. ಪರದೇಶದವರಿಗೆ ಸಂಬಳವಿತ್ತು, ಕಾರ್ಯಕರ್ತನಿಗೆ ಸಂಬಳವಿತ್ತು, ಜೀಪಿನ ಡ್ರೈವರನಿಗೆ ಭತ್ಯೆಯಿತ್ತು. ಒಂದು ದಿನದ ದುಡಿಮೆ ಕಳೆದುಕೊಂಡವರು ಆ ಹೆಂಗಸರು ಮಾತ್ರ. ಅದೂ ಎಂಥ ದಿನ! ಎಷ್ಟು ಕಿಲೋ ಹಣ್ಣು ಕುಯ್ದರೆ ಅಷ್ಟು ಕಾಸು ಬರುವ, ವರ್ಷಕ್ಕೆ ಒಂದೇ ಸಲ ಬರುವ ಸುಗ್ಗಿಯ ದಿನ. ಇದಕ್ಕೆ ವರದಿಗಳಲ್ಲಿ 'ಮಹಿಳೆಯರ ಸಹಭಾಗಿತ್ವ' ಎಂದು ಹೆಸರು.

ಈ ಹೆಸರು ಸುಮ್ಮನೆ ಬಂದದ್ದಲ್ಲ, ಅದನ್ನೂ ಹೇಳಬೇಕು. 1970ರಲ್ಲಿ ಡೆನ್ಮಾರ್ಕಿನ ಅರ್ಥಶಾಸ್ತ್ರಜ್ಞೆ ಎಸ್ತರ್ ಬೋಸೆರುಪ್ ಒಂದು ಪುಸ್ತಕ ಬರೆದು, ಬಡ ದೇಶಗಳ, ಅದರಲ್ಲೂ ಆಫ್ರಿಕದ ಬೇಸಾಯದಲ್ಲಿ ಹೆಂಗಸರ ದುಡಿಮೆ ಎಷ್ಟು ದೊಡ್ಡದು, ಹೊಸ ಯಂತ್ರ, ಹೊಸ ವಿದ್ಯೆ ಬಂದಾಗ ಅವು ಹೇಗೆ ಗಂಡಸರ ಪಾಲಾಗುತ್ತವೆ ಎಂದು ತೋರಿಸಿದರು. 1975ರಲ್ಲಿ ಮೆಕ್ಸಿಕೋದಲ್ಲಿ ವಿಶ್ವಸಂಸ್ಥೆಯ ಮೊದಲ ಮಹಿಳಾ ಸಮ್ಮೇಳನ ನಡೆಯಿತು. 1995ರ ಬೀಜಿಂಗ್ ಸಮ್ಮೇಳನವಂತೂ, ಯಾವುದೇ ಯೋಜನೆಯಿರಲಿ, ಅದು ಹೆಣ್ಣಿಗೆ ಏನು ಮಾಡುತ್ತದೆ, ಗಂಡಿಗೆ ಏನು ಮಾಡುತ್ತದೆ ಎಂದು ಮೊದಲೇ ಕೇಳಬೇಕೆಂದು ಸರಕಾರಗಳಿಂದ ಒಪ್ಪಿಗೆ ಪಡೆಯಿತು. ನೆರವು ಕೊಡುವ ಶ್ರೀಮಂತ ದೇಶಗಳು ಈಗ ತಮ್ಮ ಯೋಜನೆಗಳಿಗೆ ಅಂಕ ಹಾಕುತ್ತವೆ. ಸಮಾನತೆಯೇ ಮುಖ್ಯ ಗುರಿಯಾದರೆ 2, ಗುರಿಗಳಲ್ಲಿ ಅದೂ ಒಂದಾದರೆ 1, ಇಲ್ಲವಾದರೆ ಸೊನ್ನೆ.

ಲೆಕ್ಕ ಬೇಡವೆಂದು ನಾನು ಹೇಳುತ್ತಿಲ್ಲ. ಲೆಕ್ಕವೇ ಇಲ್ಲದ ಕಾಲದಲ್ಲಿ ನಾವು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆದರೆ ಲೆಕ್ಕ ಹಾಕುವುದು ಏನನ್ನು? ತಲೆಗಳನ್ನೋ, ಅಧಿಕಾರವನ್ನೋ?

ದೂರ ಹೋಗುವುದು ಬೇಡ. ನಮ್ಮೂರಿನಿಂದ ಕುಶಾಲನಗರಕ್ಕೆ ಹೋಗಿ ಅಲ್ಲಿಂದ ಸ್ವಲ್ಪ ಮುಂದೆ ಹೋದರೆ ಕೂಡಿಗೆ. 1955ರಲ್ಲಿ ರಾಜ್ಯದ ಮೊದಲ ಡೇರಿ ಶುರುವಾದದ್ದು ಅಲ್ಲಿ. 1970ರಲ್ಲಿ ದೇಶದಲ್ಲಿ ಕ್ಷೀರ ಕ್ರಾಂತಿಯ ಯೋಜನೆ ಆರಂಭವಾದಾಗ ಯುರೋಪಿನ ದೇಶಗಳು ದಾನವಾಗಿ ಕೊಟ್ಟ ಹಾಲಿನ ಪುಡಿ, ಬೆಣ್ಣೆಯೆಣ್ಣೆಗಳನ್ನು ಮಾರಿ ಬಂದ ಹಣವೇ ಅದಕ್ಕೆ ಬಂಡವಾಳವಾಯಿತು. 1974ರಲ್ಲಿ ವಿಶ್ವಬ್ಯಾಂಕಿನ ಸಾಲದಿಂದ ಕರ್ನಾಟಕದ ಡೇರಿ ಅಭಿವೃದ್ಧಿ ಯೋಜನೆ ಬಂತು, ಹಳ್ಳಿ ಹಳ್ಳಿಗೆ ಹಾಲಿನ ಸೊಸೈಟಿ ಬಂತು. ಒಳ್ಳೆಯದೇ ಆಯಿತು, ಎಷ್ಟೋ ಮನೆಗಳಲ್ಲಿ ಮಕ್ಕಳು ಓದಿದ್ದು ಹಾಲಿನ ದುಡ್ಡಿನಿಂದ.

ಆದರೆ ಆ ಹಸುವಿಗೆ ಹುಲ್ಲು ತಂದವರು ಯಾರು? ಸಗಣಿ ಬಾಚಿದವರು, ಹಿಂಡಿ ಕಲಸಿದವರು, ಕರು ಹಾಕುವ ರಾತ್ರಿ ಕೊಟ್ಟಿಗೆಯಲ್ಲಿ ಲಾಟೀನು ಹಿಡಿದು ಕೂತವರು ಯಾರು? ಸೊಸೈಟಿಯ ಸದಸ್ಯರ ಪಟ್ಟಿಯಲ್ಲಿ ಬಂದ ಹೆಸರು ಮಾತ್ರ ಹೆಚ್ಚಾಗಿ ಯಜಮಾನರದು. ಬಟವಾಡೆಯ ದಿನ ಸಹಿ ಮಾಡಿ ಹಣ ತೆಗೆದುಕೊಂಡವರೂ ಅವರೇ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯನ್ನು ನಾನೇ ಎಷ್ಟು ವರ್ಷ ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ! ಯಾರ ಕೈ ಕೆಸರಾಯಿತು, ಯಾರ ಬಾಯಿಗೆ ಮೊಸರು ಹೋಯಿತು ಎಂದು ಒಂದು ದಿನವೂ ಕೇಳಲಿಲ್ಲ. ಮಹಿಳೆಯರದೇ ಹಾಲಿನ ಸಂಘಗಳು ಹುಟ್ಟಿಕೊಂಡದ್ದು ಆಮೇಲೆ. ಅಂಥ ಸಂಘದಲ್ಲಿ ಹಾಲು ಕರೆಯುವವಳ ಹೆಸರಿಗೇ ಹಣ ಬರುತ್ತದೆ. ಇಷ್ಟು ಸಣ್ಣ ವಿಷಯ ಯೋಜನೆ ಬರೆದ ಪಂಡಿತರಿಗೆ ಮೊದಲ ದಿನವೇ ಹೊಳೆಯಬಾರದಿತ್ತೇ?

ಬೇಸಾಯದ ಕಥೆಯೂ ಹೀಗೆಯೇ. 1982ರಿಂದ ಡೆನ್ಮಾರ್ಕಿನ ನೆರವಿನಲ್ಲಿ ನಮ್ಮ ರಾಜ್ಯದ ರೈತ ಮಹಿಳೆಯರಿಗೆ ತರಬೇತಿ ಕೊಡುವ ಯೋಜನೆ ನಡೆಯಿತು. ಬೀಜೋಪಚಾರ, ಗೊಬ್ಬರ, ಸಸಿಮಡಿ ಎಲ್ಲವನ್ನೂ ಹೆಂಗಸರಿಗೇ ಕಲಿಸಿದರು. ಮೆಚ್ಚಬೇಕಾದ ಕೆಲಸ. ಆದರೆ ಕಲಿತು ಮನೆಗೆ ಬಂದವಳ ಹೆಸರು ಪಹಣಿಯಲ್ಲಿ ಇರಲಿಲ್ಲ. ಪಹಣಿ ಇಲ್ಲದೆ ಸೊಸೈಟಿಯಲ್ಲಿ ಬೆಳೆ ಸಾಲ ಸಿಗುತ್ತದೆಯೇ? ನಮ್ಮ ಕೊಡಗಿನ ಜಮ್ಮಾ ಹಿಡುವಳಿಯೂ ಒಕ್ಕದ ಗಂಡುಸಂತಾನದ ಹಾದಿಯಲ್ಲೇ ಇಳಿದುಬಂದದ್ದು. ಇನ್ನು ಲೈನ್ ಮನೆಯವಳ ಪಾಡು ಕೇಳಬೇಡಿ. ಅವಳಿಗಿರಲಿ, ಅವಳ ಗಂಡನಿಗೂ ಭೂಮಿಯಿಲ್ಲ. ಕುಯ್ಲಿನ ದಿನ ಸಂಜೆ ಗಂಡ ಹೆಂಡತಿ ಕುಯ್ದ ಹಣ್ಣನ್ನು ಒಟ್ಟಿಗೆ ತೂಗಿ ಗಂಡನ ಹೆಸರಿಗೆ ಬರೆದರೆ, ಅವಳು ದುಡಿದದ್ದಕ್ಕೆ ಸಾಕ್ಷಿಯೇ ಉಳಿಯುವುದಿಲ್ಲ.

ಆಮೇಲೆ ಸ್ವಸಹಾಯ ಸಂಘಗಳ ಕಾಲ ಬಂತು. 1998ರಲ್ಲಿ ವಿಶ್ವಬ್ಯಾಂಕು ಮತ್ತು ಕೃಷಿ ಅಭಿವೃದ್ಧಿಯ ಅಂತರರಾಷ್ಟ್ರೀಯ ನಿಧಿಯ ನೆರವಿನಲ್ಲಿ 'ಸ್ವಶಕ್ತಿ', 2000ದಲ್ಲಿ ನಮ್ಮ ರಾಜ್ಯ ಸರಕಾರದ್ದೇ 'ಸ್ತ್ರೀಶಕ್ತಿ'. ವಾರಕ್ಕಿಷ್ಟು ಉಳಿಸುವುದನ್ನು, ಬ್ಯಾಂಕಿನ ಮೆಟ್ಟಿಲು ಹತ್ತುವುದನ್ನು ಹೆಂಗಸರು ಕಲಿತರು. ಇದನ್ನು ಹಗುರವಾಗಿ ನೋಡುವವಳು ನಾನಲ್ಲ. ಆದರೆ ಎಷ್ಟು ಮನೆಗಳಲ್ಲಿ ಹೆಂಡತಿಯ ಸಂಘದ ಸಾಲ ಗಂಡನ ಕೈಗೆ ಹೋಗಿ, ಕಂತು ಕಟ್ಟುವುದು ಮಾತ್ರ ಹೆಂಡತಿಯ ಪಾಲಿಗೆ ಉಳಿಯಿತು ಎಂದು ಕೇಳಿ ನೋಡಿ. ಆಸ್ತಿಯ ಪತ್ರದಲ್ಲಿ ಬಾರದ ಹೆಸರು ಸಾಲದ ಪತ್ರದಲ್ಲಿ ಮೊದಲು ಬಂತು!

ಹಾಗಾದರೆ ನೆರವೇ ಬೇಡವೇ ಎಂದು ನೀವು ಕೇಳಬಹುದು. ಹೊರಗಿನವರಿಗೆ ನಮ್ಮ ಮನೆಯ ಉಸಾಬರಿ ಏಕೆ, ನಮ್ಮ ಸಂಸ್ಕೃತಿ ನಮಗೆ ಗೊತ್ತಿಲ್ಲವೇ ಎಂದು ಗದರುವ ಹಿರಿಯರೂ ಇದ್ದಾರೆ. ಅವರಿಗೆ ನನ್ನ ಉತ್ತರ ಇಷ್ಟೆ: ಪರದೇಶದ ರಸಗೊಬ್ಬರ, ಪರದೇಶದ ಹೋರಿಯ ತಳಿ ಬಂದಾಗ ನೆನಪಾಗದ ಸಂಸ್ಕೃತಿ, ಹೆಂಡತಿಯ ಹೆಸರಿಗೆ ಪಾಸ್‌ಬುಕ್ಕು ಎಂದಾಗ ಮಾತ್ರ ಏಕೆ ನೆನಪಾಗುತ್ತದೆ?

ನೆರವು ಬೇಡವೆಂದಲ್ಲ, ಅದು ಬರುವ ರೀತಿ ಬೇರೆಯಾಗಬೇಕು. ಆಗುತ್ತದೆ ಎಂಬುದಕ್ಕೆ ಸಾಕ್ಷಿಯೂ ನಮ್ಮಲ್ಲೇ ಇದೆ. 1989ರಲ್ಲಿ ನೆದರ್‌ಲ್ಯಾಂಡ್ಸ್ ದೇಶದ ನೆರವಿನಿಂದ ಬೀದರ್, ಬಿಜಾಪುರ, ಮೈಸೂರು ಜಿಲ್ಲೆಗಳಲ್ಲಿ ಮಹಿಳಾ ಸಮಖ್ಯ ಶುರುವಾಯಿತು. ಅಲ್ಲಿ ಹೆಂಗಸರಿಗೆ ಹಂಚಲು ಎಮ್ಮೆಯಿರಲಿಲ್ಲ, ಹೊಲಿಗೆ ಯಂತ್ರವಿರಲಿಲ್ಲ, ಇಂತಿಷ್ಟು ದಿನದಲ್ಲಿ ಇಂತಿಷ್ಟು ಸಾಧಿಸಬೇಕೆಂಬ ಗುರಿಯ ಪಟ್ಟಿಯಿರಲಿಲ್ಲ. ಬಹುಪಾಲು ದಲಿತ, ಕೂಲಿಕಾರ ಹೆಂಗಸರು ಸಂಘ ಕಟ್ಟಿ, ತಮಗೆ ಏನು ಬೇಕೆಂಬುದನ್ನು ತಾವೇ ಮಾತಾಡಿ ತೀರ್ಮಾನಿಸಬೇಕಿತ್ತು. ಅವರು ಕೇಳಿದ್ದು ಏನನ್ನು? ಕೂಲಿ, ಕುಡಿಯುವ ನೀರು, ಪಡಿತರ, ಮಕ್ಕಳ ಶಾಲೆ. ಪಂಚಾಯಿತಿಯಲ್ಲಿ ಹೆಂಗಸರಿಗೆ ಮೀಸಲಾತಿ ಬಂದಾಗ ಇಂಥ ಸಂಘಗಳಲ್ಲಿ ಮಾತು ಕಲಿತವರು ಚುನಾವಣೆಗೂ ನಿಂತರು. ಕೊಡುವವರು ಅವಸರ ಮಾಡದಿದ್ದರೆ, ಪಡೆಯುವವಳ ಮಾತಿಗೆ ಕಾದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕೇ?

2003ರಲ್ಲಿ ಭಾರತ ಸರಕಾರ ಹಲವು ಸಣ್ಣ ದೇಶಗಳ ನೆರವು ಸಾಕೆಂದು ಹೇಳಿತು. ಈಗ ನಾವೇ ಬೇರೆ ದೇಶಗಳಿಗೆ ನೆರವು ಕೊಡುತ್ತೇವೆ. ಆದರೆ ಜಮಖಾನೆ ಬದಲಾಗಿಲ್ಲ, ಹಾಜರಿ ಪುಸ್ತಕವೂ ಬದಲಾಗಿಲ್ಲ. ಇಂದು ಹಣ ಸರಕಾರದ್ದೋ ಕಂಪೆನಿಯದ್ದೋ ಇರಬಹುದು. ಹೆಂಗಸರನ್ನು ಕೂರಿಸಿ ಫೋಟೋ ತೆಗೆದು ಕಳಿಸುವ ಚಾಳಿ ಹಾಗೆಯೇ ಇದೆ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತೇವಲ್ಲ, ಆ ಪೂಜಾರಿಯ ಜಾಗದಲ್ಲಿ ಹಲವು ಸಲ ಇರುವವರು ನಾವೇ. ಓದು ಬಲ್ಲ, ಪೇಟೆಯಲ್ಲಿರುವ, ಸಮಾಜದ ಪದಾಧಿಕಾರಿಗಳಾದ, ವೇದಿಕೆಯಲ್ಲಿ ಸ್ವಾಗತ ಭಾಷಣ ಮಾಡುವ ನಾವು. ಬಡ ಹೆಂಗಸಿನ ಮಾತು ಮೇಲಿನವರಿಗೆ ತಲುಪುವುದು ನಮ್ಮ ಬಾಯಿಂದ. ಅದನ್ನು ಸಿಹಿ ಮಾಡಿ ಕಳಿಸುವವರೂ ನಾವೇ. ನಾನು ಮಾಡಿದ್ದು ಅದನ್ನೇ.

ಹಾಗಾಗಿ ಗೆಳತಿಯರೇ, ಇನ್ನು ಮುಂದೆ ಯಾವುದೇ ಯೋಜನೆಯವರು ನಿಮ್ಮನ್ನು ಸಭೆಗೆ ಹೆಂಗಸರನ್ನು ಸೇರಿಸಿಕೊಡಿ ಎಂದು ಕೇಳಿದರೆ, ಸೇರಿಸುವ ಮೊದಲು ನಾಲ್ಕು ಮಾತು ಕೇಳಿ. ಸಭೆಯ ಹೊತ್ತನ್ನು ಗೊತ್ತು ಮಾಡಿದವರು ಯಾರು? ಅಂದಿನ ಕೂಲಿ ಕೊಡುವವರು ಯಾರು? ಬರುವ ಹಣ, ದನ, ಮನೆ, ಭೂಮಿ ಯಾರ ಹೆಸರಿಗೆ? ಇದು ನಮಗೆ ಬೇಡ ಎಂದು ಹೆಂಗಸರು ಹೇಳಿದರೆ ಯೋಜನೆ ಬದಲಾಗುತ್ತದೆಯೇ? ಇದಕ್ಕೆ ಉತ್ತರವಿಲ್ಲದಿದ್ದರೆ, ಕಾಗದದಲ್ಲಿ ಎಷ್ಟೇ ಅಂಕವಿರಲಿ, ಜಮಖಾನೆ ಹಾಸಬೇಡಿ.

ಆಕೆ ಈಗ ಎಲ್ಲಿದ್ದಾಳೋ ತಿಳಿಯದು. ಲೈನ್ ಮನೆಯವರು ಒಂದು ತೋಟದಲ್ಲಿ ನೆಲೆ ನಿಲ್ಲುವುದೂ ಕಡಿಮೆ. ವಾರದ ಸಂತೆಯಲ್ಲಿ ಆ ವಯಸ್ಸಿನವರು ಎದುರಾದರೆ ಈಗಲೂ ಮುಖ ನೋಡುತ್ತೇನೆ. ಅಂದು ನಾನು ಇಂಗ್ಲಿಷಿನಲ್ಲಿ ಹೇಳದೆ ನುಂಗಿದ ಮಾತನ್ನು ಇಂದು ಕನ್ನಡದಲ್ಲೇ, ಆಕೆ ಕೇಳಿದ ಹಾಗೆಯೇ ಬರೆದಿದ್ದೇನೆ. ಯೋಜನೆ ಬರೆಯುವವರು, ನೆರವು ಕೊಡುವವರು, ಸಭೆ ಕರೆಯುವವರು ಉತ್ತರ ಹೇಳಲಿ: ಇವತ್ತಿನ ಕೂಲಿ ಯಾರು ಕೊಡ್ತಾರೆ?