ಸಾರಥಿಯ ಸಾಕ್ಷ್ಯ

೨೦೨೨ರ ಫೆಬ್ರವರಿ ತಿಂಗಳಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ಹೆದ್ದಾರಿ ಸಂಚಾರ ಸುರಕ್ಷತಾ ಇಲಾಖೆಯು ಒಂದು ವಿಚಿತ್ರವಾದ ವಿಚಾರಣೆಯನ್ನು ಆರಂಭಿಸಿತು. ಅದಕ್ಕೆ ಹಿಂದಿನ ಒಂಬತ್ತು ತಿಂಗಳಲ್ಲಿ ಟೆಸ್ಲಾ ಕಾರುಗಳ ಚಾಲಕರಿಂದ ಆ ಇಲಾಖೆಗೆ ೩೫೪ ದೂರುಗಳು ಬಂದಿದ್ದುವು. ಅವುಗಳ ಸಾರಾಂಶ ಒಂದೇ: ಕಾರು ಹೆದ್ದಾರಿಯಲ್ಲಿ ತಾನಾಗಿ ಓಡುತ್ತಿರುವಾಗ, ಎದುರಿಗೆ ಏನೊಂದೂ ಇಲ್ಲದಿದ್ದರೂ, ಮುನ್ಸೂಚನೆಯಿಲ್ಲದೆ ತಟಕ್ಕನೆ ಬ್ರೇಕು ಹಾಕಿಕೊಳ್ಳುತ್ತದೆ, ಒಂದೇ ಪ್ರಯಾಣದಲ್ಲಿ ಹಲವು ಬಾರಿ ಹೀಗಾಗುವುದೂ ಉಂಟು. ವಿಚಾರಣೆಯ ವ್ಯಾಪ್ತಿಗೆ ಬಂದ ಕಾರುಗಳು ಸುಮಾರು ೪,೧೬,೦೦೦. ಅದೇ ತಿಂಗಳು ಹೋಂಡಾ ಕಾರುಗಳ ಬಗೆಗೂ ಇಂಥದೇ ವಿಚಾರಣೆ ಮೊದಲಾಯಿತು. ಆದುದರಿಂದ ಇದು ಯಾವುದೋ ಒಂದು ಕಾರ್ಖಾನೆಗೆ ಮಾತ್ರ ಸಂಬಂಧಿಸಿದ್ದೆಂದು ತಿಳಿಯಬೇಕಾಗಿಲ್ಲ. ಅಲ್ಲಿನ ಜನ ಇದಕ್ಕೆ ಇಟ್ಟಿರುವ ಹೆಸರು ದೆವ್ವದ ಬ್ರೇಕು.

ಈ ಮಾತು ನಮಗೆ ತೀರ ಹೊಸದಲ್ಲ. ರಾತ್ರಿಯ ಹೊತ್ತು ಹುಣಿಸೆಮರದ ಬಳಿ ಎತ್ತುಗಳು ಇದ್ದಕ್ಕಿದ್ದಂತೆ ನಿಂತುಬಿಟ್ಟರೆ, ನಮ್ಮ ಕಣ್ಣಿಗೆ ಬೀಳದ್ದೇನೋ ಅವಕ್ಕೆ ಕಂಡಿತೆಂದು ಹಳ್ಳಿಯ ಗಾಡಿಯವರು ಹೇಳುತ್ತಿದ್ದರು. ಕಾರಿನ ವಿಷಯದಲ್ಲಿ ಇದು ಬಹುಮಟ್ಟಿಗೆ ನಿಜವೇ ಆಗಿದೆ. ನಮಗೆ ಕಾಣದ್ದು ಅದಕ್ಕೆ ಕಾಣುತ್ತದೆ. ನಮಗೆ ಸ್ಪಷ್ಟವಾಗಿ ಕಾಣುವುದು ಕೆಲವು ವೇಳೆ ಅದಕ್ಕೆ ಕಾಣುವುದಿಲ್ಲ. ಇದು ಏಕೆಂಬುದನ್ನು ಭೌತಶಾಸ್ತ್ರದ ದೃಷ್ಟಿಯಿಂದ ಸ್ವಲ್ಪ ವಿಚಾರಿಸಿ, ಅನಂತರ ಚಾಲಕರ ಇಂಥ ದೂರುಗಳಿಗೆ ಎಷ್ಟು ಬೆಲೆ ಸಲ್ಲಬೇಕೆಂಬ ಬಗೆಗೆ ನಮ್ಮ ಅಭಿಪ್ರಾಯವನ್ನು ವಾಚಕರ ಮುಂದಿಡುತ್ತೇವೆ.

ವಾಹನಗಳ ಸ್ವಯಂಚಾಲನೆಯನ್ನು ಇಂಜಿನಿಯರುಗಳು ಸೊನ್ನೆಯಿಂದ ಐದರವರೆಗೆ ಆರು ಮೆಟ್ಟಿಲುಗಳಾಗಿ ವಿಂಗಡಿಸಿದ್ದಾರೆ. ಇಂದು ಜನರು ಕೊಂಡು ನಡೆಸುತ್ತಿರುವ ಅರೆ ಸ್ವಯಂಚಾಲಿತ ಕಾರುಗಳಲ್ಲಿ ಹೆಚ್ಚಿನವು ಎರಡನೆಯ ಮೆಟ್ಟಿಲಿನವು. ಇವು ಮುಂದಿನ ವಾಹನದಿಂದ ತಕ್ಕಷ್ಟು ಅಂತರವನ್ನು ಕಾಯ್ದುಕೊಳ್ಳುತ್ತವೆ. ರಸ್ತೆಯ ಬಿಳಿಯ ಗೆರೆಗಳನ್ನು ನೋಡಿ ಸ್ಟಿಯರಿಂಗನ್ನು ತಾವೇ ತಿರುಗಿಸುತ್ತವೆ. ಆದರೆ ಚಾಲಕನು ರಸ್ತೆಯಿಂದ ಕಣ್ಣು ತೆಗೆಯಕೂಡದು. ಯಾವ ಕ್ಷಣದಲ್ಲಾದರೂ ಚಾಲನೆಯನ್ನು ವಹಿಸಿಕೊಳ್ಳಲು ಸಿದ್ಧನಾಗಿರಬೇಕು. ಏನು ನಡೆದರೂ ಹೊಣೆ ಅವನದೇ. ನಮ್ಮ ದೇಶದಲ್ಲೂ ಇಂಥ ಸೌಲಭ್ಯವುಳ್ಳ ಕಾರುಗಳು ಮಾರಾಟಕ್ಕೆ ಬಂದಿವೆ. ೨೦೨೧ರಲ್ಲಿ ಬಂದ ಮಹೀಂದ್ರಾ ಕಂಪನಿಯ ಎಕ್ಸ್‌ಯುವಿ ೭೦೦ ಅಂಥವುಗಳಲ್ಲೊಂದು.

ಇಂಥ ಹಲವು ಕಾರುಗಳ ಮುಂಭಾಗದಲ್ಲಿ ಅಡಗಿರುವ ರೇಡಾರನ್ನು ತೆಗೆದುಕೊಳ್ಳೋಣ. ಅದು ಸೆಕೆಂಡಿಗೆ ಸುಮಾರು ೭,೭೦೦ ಕೋಟಿ ಆವೃತ್ತಿಯ ರೇಡಿಯೊ ತರಂಗಗಳನ್ನು ಮುಂದಕ್ಕೆ ಕಳಿಸುತ್ತದೆ. ಬೆಳಕಿನ ವೇಗವನ್ನು ಈ ಸಂಖ್ಯೆಯಿಂದ ಭಾಗಿಸಿದರೆ ತರಂಗದೂರ ೩.೯ ಮಿಲಿಮೀಟರೆಂದು ವಾಚಕರೇ ಕಂಡುಕೊಳ್ಳಬಹುದು. ಎದುರಿನ ವಸ್ತುವಿಗೆ ತಾಗಿ ಮರಳುವ ತರಂಗದ ಆವೃತ್ತಿಯು ಡಾಪ್ಲರ್ ಪರಿಣಾಮದಿಂದ ಕೊಂಚ ಬದಲಾಗಿರುತ್ತದೆ. ಕಾರು ಗಂಟೆಗೆ ೧೦೮ ಕಿಲೋಮೀಟರು, ಎಂದರೆ ಸೆಕೆಂಡಿಗೆ ೩೦ ಮೀಟರು ವೇಗದಿಂದ ಹೋಗುತ್ತಿದ್ದರೆ, ನೇರ ಎದುರಿಗೆ ನಿಂತಿರುವ ವಸ್ತುವಿನಿಂದ ಮರಳಿದ ತರಂಗದ ಆವೃತ್ತಿ ಸೆಕೆಂಡಿಗೆ ೧೫,೪೦೦ರಷ್ಟು ಹೆಚ್ಚಿರುತ್ತದೆ. ತೊಡಕು ಇರುವುದು ಇಲ್ಲಿಯೇ. ಕೆಟ್ಟು ನಿಂತ ಲಾರಿಯೂ ನಿಂತಿರುವ ವಸ್ತು. ರಸ್ತೆಯ ಮೇಲೆ ಹಾದುಹೋಗುವ ಸೇತುವೆಯೂ, ಊರಿನ ಹೆಸರು ಬರೆದ ಹಲಗೆಯೂ, ಮೋರಿಯ ಕಬ್ಬಿಣದ ಮುಚ್ಚಳವೂ ನಿಂತಿರುವ ವಸ್ತುಗಳೇ. ದೂರದಿಂದ ನೋಡಿದಾಗ ಆವೃತ್ತಿಯ ಲೆಕ್ಕದಲ್ಲಿ ಇವೆಲ್ಲ ಹೆಚ್ಚುಕಡಮೆ ಒಂದೇ ಜಾತಿ.

ಎತ್ತರವನ್ನು ಅಳೆದು ಇವನ್ನು ಬೇರ್ಪಡಿಸಬಾರದೆ ಎಂದು ಜಾಣ ವಿದ್ಯಾರ್ಥಿ ಕೇಳಿಯಾನು. ಆಂಟೆನಾದಿಂದ ಹೊರಟ ತರಂಗಗಳು ಹರಡುವ ಕೋನ, ಸ್ಥೂಲವಾಗಿ, ತರಂಗದೂರವನ್ನು ಆಂಟೆನಾದ ಅಳತೆಯಿಂದ ಭಾಗಿಸಿದಷ್ಟು. ಆಂಟೆನಾ ೮ ಸೆಂಟಿಮೀಟರು ಎತ್ತರವಿದೆಯೆಂದು ಇಟ್ಟುಕೊಂಡರೆ ಈ ಕೋನ ೩ ಡಿಗ್ರಿಗಿಂತ ತುಸು ಕಡಮೆ. ೧೦೦ ಮೀಟರು ದೂರ ಹೋಗುವಷ್ಟರಲ್ಲಿ ಅದು ೫ ಮೀಟರಿನಷ್ಟು ಹಬ್ಬಿರುತ್ತದೆ. ಸೇತುವೆಯ ಅಡಿಭಾಗವೂ ಅದರ ಕೆಳಗೆ ನಿಂತ ಲಾರಿಯೂ ಕೂಡಿ ಒಂದೇ ಮಸುಕು. ನಿಂತ ವಸ್ತುಗಳನ್ನೆಲ್ಲ ಗಣನೆಗೆ ತಂದರೆ ಪ್ರತಿಯೊಂದು ಸೇತುವೆಯ ಬಳಿಯೂ ಬ್ರೇಕು ಬೀಳುತ್ತದೆ. ತಾರದಿದ್ದರೆ ನಿಂತ ಲಾರಿಗೆ ಡಿಕ್ಕಿ.

ಕ್ಯಾಮರಾ ಈ ಕೊರತೆಯನ್ನು ತುಂಬಬೇಕು. ಟೆಸ್ಲಾ ಕಂಪನಿಯು ೨೦೨೧ರ ಮೇ ತಿಂಗಳಿಂದ ಉತ್ತರ ಅಮೆರಿಕದಲ್ಲಿ ಎರಡು ಮಾದರಿಗಳಿಂದ ರೇಡಾರನ್ನೇ ತೆಗೆದು ಕ್ಯಾಮರಾಗಳನ್ನೇ ನಂಬಿತು. ಮೇಲೆ ಹೇಳಿದ ವಿಚಾರಣೆ ನಡೆದದ್ದು ಆ ಎರಡು ಮಾದರಿಗಳ ಬಗೆಗೆ. ಕ್ಯಾಮರಾಕ್ಕೂ ತನ್ನದೇ ಆದ ಕುರುಡು ಉಂಟು. ೨೦೧೬ರ ಮೇ ೭ರಂದು ಫ್ಲಾರಿಡಾದ ವಿಲಿಸ್ಟನ್ ಬಳಿ, ಹೆದ್ದಾರಿಯನ್ನು ಅಡ್ಡಹಾಯುತ್ತಿದ್ದ ಟ್ರಕ್ಕಿನ ಅಡಿಗೆ ಟೆಸ್ಲಾ ಕಾರೊಂದು ನುಗ್ಗಿ ಅದರ ಚಾಲಕ ಮೃತನಾದ. ಬೆಳಗುವ ಆಕಾಶದ ಹಿನ್ನೆಲೆಯಲ್ಲಿ ಟ್ರಕ್ಕಿನ ಬಿಳಿಯ ಪಕ್ಕವನ್ನು ಯಂತ್ರವೂ ಚಾಲಕನೂ ಗಮನಿಸಲಿಲ್ಲವೆಂದು ಕಂಪನಿ ಆಗ ಹೇಳಿತು.

ಈಗ ಒಂದು ಸಣ್ಣ ಲೆಕ್ಕ. ಇದು ಉದಾಹರಣೆ ಮಾತ್ರ, ಯಾವ ಕಾರಿನ ನಿಜವಾದ ಅಂಕಿಯೂ ಅಲ್ಲ. ಯಂತ್ರವು ಸೆಕೆಂಡಿಗೆ ೩೦ ಬಾರಿ ರಸ್ತೆಯನ್ನು ನೋಡಿ, ಅಡ್ಡಿ ಇದೆ ಅಥವಾ ಇಲ್ಲ ಎಂದು ತೀರ್ಮಾನಿಸುತ್ತದೆಯೆನ್ನೋಣ. ಗಂಟೆಗೆ ೧,೦೮,೦೦೦ ತೀರ್ಮಾನಗಳಾದುವು. ಹತ್ತು ಲಕ್ಷಕ್ಕೊಮ್ಮೆ ಮಾತ್ರ ಅದು ತಪ್ಪುತ್ತದೆಯೆನ್ನೋಣ. ನಮ್ಮ ಪರೀಕ್ಷಾಮಂದಿರಗಳಲ್ಲಿ ಯಾರೂ ಕಂಡರಿಯದ ನಿಖರತೆ ಇದು. ಆದರೂ ಒಂಬತ್ತೂಕಾಲು ಗಂಟೆಗೊಂದು ತಪ್ಪಾಯಿತು. ನಾಲ್ಕು ಲಕ್ಷ ಕಾರುಗಳು ದಿನಕ್ಕೆ ಒಂದೊಂದೇ ಗಂಟೆ ಓಡಿದರೂ ದಿನವೊಂದಕ್ಕೆ ೪೩,೨೦೦ ತಪ್ಪುಗಳು. ಆದುದರಿಂದಲೇ ಯಂತ್ರವು ಒಂದು ನೋಟವನ್ನು ನಂಬಿ ಬ್ರೇಕು ಹಾಕುವುದಿಲ್ಲ, ಹಲವು ನೋಟಗಳು ಒಂದೇ ಮಾತನ್ನು ಹೇಳುವವರೆಗೆ ಕಾಯುತ್ತದೆ. ಹೆಚ್ಚು ಕಾದರೆ ಸುಳ್ಳು ಬ್ರೇಕು ಕಡಮೆಯಾಗುತ್ತದೆ. ಆದರೆ ಕಾಯುವ ಒಂದೊಂದು ಸೆಕೆಂಡಿಗೂ ನಿಜವಾದ ಅಡ್ಡಿ ೩೦ ಮೀಟರು ಹತ್ತಿರ ಬಂದಿರುತ್ತದೆ. ಈ ಎರಡು ತಪ್ಪುಗಳ ನಡುವೆ ಎಲ್ಲಿಯೋ ಒಂದು ಗೆರೆ ಎಳೆಯಲೇಬೇಕು. ಅದನ್ನು ಎಳೆಯುವವನು ತಯಾರಕ. ಅದರ ಫಲವನ್ನು ಉಣ್ಣುವವನು ಚಾಲಕ. ಗೆರೆ ಎಲ್ಲಿದೆಯೆಂದು ಅವನಿಗೆ ಯಾರೂ ಹೇಳುವುದಿಲ್ಲ. ಅಷ್ಟೇ ಅಲ್ಲ, ಕಾರಿನ ತಂತ್ರಾಂಶವನ್ನು ತಯಾರಕರು ದೂರದಿಂದಲೇ ಬದಲಾಯಿಸಬಲ್ಲರಾದ್ದರಿಂದ, ಮನೆಯಂಗಳದಲ್ಲಿ ರಾತ್ರಿ ನಿಂತಿದ್ದ ಕಾರಿನ ನಡತೆ ಬೆಳಗಾಗುವಷ್ಟರಲ್ಲಿ ಬೇರೆಯಾಗಿರಬಹುದು. ಎತ್ತುಗಳಾದರೂ ಹೀಗೆ ಮಾಡುತ್ತಿರಲಿಲ್ಲ!

ಇಲ್ಲಿಯವರೆಗೆ ಹೇಳಿದ್ದು ಯಂತ್ರದ ಮಾತು. ಈಗ ಮನುಷ್ಯನ ಕಡೆ ತಿರುಗೋಣ. ೨೦೧೮ರ ಮಾರ್ಚ್ ೨೩ರ ಬೆಳಗ್ಗೆ ಕ್ಯಾಲಿಫೋರ್ನಿಯದ ಮೌಂಟನ್ ವ್ಯೂ ಎಂಬಲ್ಲಿ ಒಬ್ಬಾತನು ತನ್ನ ಟೆಸ್ಲಾ ಕಾರಿನಲ್ಲಿ ಕೆಲಸಕ್ಕೆ ಹೊರಟಿದ್ದ. ಹೆದ್ದಾರಿ ಕವಲೊಡೆಯುವ ಜಾಗದಲ್ಲಿ, ಎರಡು ಕವಲುಗಳ ನಡುವಣ ತ್ರಿಕೋನಾಕಾರದ ಖಾಲಿ ನೆಲವನ್ನೇ ದಾರಿಯೆಂಬಂತೆ ಹಿಡಿದು ಕಾರು ಎಡಕ್ಕೆ ತಿರುಗಿತು. ಮುಂದೆ ಹೋಗುತ್ತಿದ್ದ ವಾಹನ ಅದರ ದಾರಿಯಿಂದ ತಪ್ಪಿದುದರಿಂದ, ಕಡೆಯ ಮೂರು ಸೆಕೆಂಡುಗಳಲ್ಲಿ ಅದು ವೇಗವನ್ನು ಗಂಟೆಗೆ ಸುಮಾರು ೧೦೦ ಕಿಲೋಮೀಟರಿನಿಂದ ೧೧೪ಕ್ಕೆ ಏರಿಸಿಕೊಂಡು ಕಾಂಕ್ರೀಟು ಗೋಡೆಯ ತುದಿಗೆ ಅಪ್ಪಳಿಸಿತು. ಗೋಡೆಯ ಮುಂದೆ ಆಘಾತವನ್ನು ತಗ್ಗಿಸಲು ಇಟ್ಟಿದ್ದ ಸಾಧನ ಹನ್ನೊಂದು ದಿನಗಳ ಹಿಂದೆ ಬೇರೊಂದು ಅಪಘಾತದಲ್ಲಿ ಜಜ್ಜಿಹೋಗಿ, ಇನ್ನೂ ದುರಸ್ತಿಯಾಗಿರಲಿಲ್ಲ. ಚಾಲಕ ಬದುಕಲಿಲ್ಲ.

ಆ ದೇಶದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಲಿಯು ೨೦೨೦ರಲ್ಲಿ ತನ್ನ ತೀರ್ಮಾನವನ್ನು ಪ್ರಕಟಿಸಿತು. ಚಾಲನಾ ವ್ಯವಸ್ಥೆಯ ಮಿತಿಗಳಿಂದಾಗಿ ಕಾರು ದಾರಿ ತಪ್ಪಿತು. ಚಾಲಕನು ಬಹುಶಃ ಫೋನಿನಲ್ಲಿ ಆಟವಾಡುತ್ತಿದ್ದು, ಯಂತ್ರವನ್ನು ಅತಿಯಾಗಿ ನಂಬಿದ್ದರಿಂದ ಅದನ್ನು ತಡೆಯಲಿಲ್ಲ. ಆದರೆ ಅದೇ ತನಿಖೆಯಲ್ಲಿ ಹೊರಬಿದ್ದ ಇನ್ನೊಂದು ಸಂಗತಿ ನಮ್ಮನ್ನು ಬಹಳವಾಗಿ ಕಾಡುತ್ತದೆ. ಅದೇ ಸ್ಥಳದಲ್ಲಿ ಕಾರು ಹೀಗೆಯೇ ತಿರುಗಲೆಳಸಿದ್ದನ್ನು ಆತ ಮೊದಲೇ ಕಂಡಿದ್ದ. ಮನೆಯವರಿಗೂ ಗೆಳೆಯನಿಗೂ ಅದನ್ನು ತಿಳಿಸಿದ್ದ.

ಗೊತ್ತಿದ್ದೂ ಎಚ್ಚರ ತಪ್ಪಿದನಲ್ಲ ಎಂದು ಆತನನ್ನು ದೂರುವುದು ಸುಲಭ. ಹಾಗೆ ದೂರುವವರು ೧೯೪೮ರಲ್ಲಿ ಕೇಂಬ್ರಿಜ್ಜಿನ ನಾರ್ಮನ್ ಮ್ಯಾಕ್‌ವರ್ತ್ ಪ್ರಕಟಿಸಿದ ಪ್ರಯೋಗವನ್ನು ಒಮ್ಮೆ ನೆನೆಯಬೇಕು. ಯುದ್ಧಕಾಲದಲ್ಲಿ ವಿಮಾನಗಳ ರೇಡಾರ್ ಪರದೆಯ ಮುಂದೆ ಕುಳಿತ ಸೈನಿಕರು ಹೊತ್ತು ಕಳೆದಂತೆ ಶತ್ರುವಿನ ಗುರುತುಗಳನ್ನು ಕಾಣದೆ ಬಿಡುತ್ತಿದ್ದುದೇಕೆ ಎಂಬ ಪ್ರಶ್ನೆಯಿಂದ ಅದು ಹುಟ್ಟಿತು. ಗಡಿಯಾರದಂಥ ಒಂದು ಬಿಲ್ಲೆಯ ಮೇಲೆ ಮುಳ್ಳೊಂದು ಒಂದೇ ಸಮನಾಗಿ ಜಿಗಿಯುತ್ತದೆ. ಎಂದೋ ಒಮ್ಮೆ ಮಾತ್ರ ಜೋಡಿ ಜಿಗಿತ. ಅದನ್ನು ಕಂಡೊಡನೆ ತಿಳಿಸಬೇಕು, ಕೆಲಸ ಅಷ್ಟೇ. ಎರಡು ಗಂಟೆಗಳ ಈ ಕಾವಲಿನಲ್ಲಿ ಮೊದಲ ಅರ್ಧ ಗಂಟೆ ಕಳೆಯುವುದರೊಳಗೇ ಜನರ ಗಮನ ಕುಗ್ಗಿತು. ಇವರು ಸೋಮಾರಿಗಳಲ್ಲ, ಏನೂ ನಡೆಯದ ಕಡೆ ಕಣ್ಣಿಟ್ಟು ಕೂರುವುದು ಮನುಷ್ಯನ ಮೆದುಳಿಗೆ ಒಗ್ಗದ ಕೆಲಸ. ವಿಲಿಸ್ಟನ್ನಿನ ಚಾಲಕ ಯಂತ್ರಕ್ಕೆ ಚಾಲನೆಯನ್ನು ಒಪ್ಪಿಸಿದ್ದ ೩೭ ನಿಮಿಷಗಳಲ್ಲಿ ಸ್ಟಿಯರಿಂಗಿನ ಮೇಲೆ ಅವನ ಕೈ ಇದ್ದುದನ್ನು ವ್ಯವಸ್ಥೆ ಗುರುತಿಸಿದ್ದು ಕೇವಲ ೨೫ ಸೆಕೆಂಡು. ಸಂತೆಯಿಂದ ಮರಳುವಾಗ ಗಾಡಿಯವನು ತೂಕಡಿಸಿದರೂ ಎತ್ತುಗಳು ಮನೆ ಸೇರುತ್ತಿದ್ದುವು. ಅದು ಸೆಕೆಂಡಿಗೆ ಒಂದು ಮೀಟರಿನ ಪ್ರಯಾಣ.

ಹಾಗೆಂದು ನಾವು ಯಂತ್ರದ ವಿರೋಧಿಗಳಲ್ಲ. ಅಮೆರಿಕದ ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆಯ ಲೆಕ್ಕದಂತೆ, ಡಿಕ್ಕಿಯ ಮುನ್ಸೂಚನೆಯ ಜೊತೆಗೆ ತಾನಾಗಿ ಬೀಳುವ ತುರ್ತು ಬ್ರೇಕು ಉಳ್ಳ ಕಾರುಗಳಲ್ಲಿ ಮುಂದಿನ ವಾಹನದ ಹಿಂಬದಿಗೆ ಬಡಿಯುವ ಅಪಘಾತಗಳು ಅರ್ಧಕ್ಕರ್ಧ ಇಳಿದಿವೆ. ಅದೇ ಸಂಸ್ಥೆ ೨೦೨೪ರಲ್ಲಿ, ಅರೆ ಸ್ವಯಂಚಾಲನೆಯಿಂದ ಅಪಘಾತಗಳು ತಪ್ಪುತ್ತವೆಂಬುದಕ್ಕೆ ಹೆಚ್ಚಿನ ಆಧಾರ ದೊರೆತಿಲ್ಲವೆಂದು ತಿಳಿಸಿತು. ಮೊದಲನೆಯದರಲ್ಲಿ ಮನುಷ್ಯ ಗಾಡಿ ನಡೆಸುತ್ತಾನೆ, ಯಂತ್ರ ಕಾವಲಿರುತ್ತದೆ. ಎರಡನೆಯದರಲ್ಲಿ ಇದು ತಲೆಕೆಳಗು. ದಣಿವರಿಯದ ಯಂತ್ರಕ್ಕೆ ಕಾವಲಿನ ಕೆಲಸವನ್ನು ಕೊಡುವುದೇ ಯುಕ್ತವೆಂದು ನಮ್ಮ ಅಭಿಪ್ರಾಯ. ಆದರೆ ಕೊಳ್ಳುವವರಿಗೆ ಬೇಕಾದದ್ದು ವಿಶ್ರಾಂತಿ, ಮಾರುವವರಿಗೂ ಅದು ಗೊತ್ತು. ಆದ್ದರಿಂದ ಈಗಿನ ಏರ್ಪಾಡು ಇನ್ನೂ ಬಹುಕಾಲ ಉಳಿಯುತ್ತದೆ. ಉಳಿಯುವವರೆಗೆ ಚಾಲಕನ ಅನುಭವವನ್ನು ಕಸದಬುಟ್ಟಿಗೆ ಹಾಕಕೂಡದು.

ನಮ್ಮ ಸ್ನೇಹಿತರೊಬ್ಬರು ಇಂಥ ಕಾರನ್ನು ಕೊಂಡಿದ್ದಾರೆ. ಹಾಸನದ ದಾರಿಯಲ್ಲಿ ಅವರೊಡನೆ ಪಯಣಿಸುತ್ತಿದ್ದಾಗ ರಸ್ತೆಯ ದುರಸ್ತಿ ನಡೆದ ಒಂದು ಕಡೆ ಹಳೆಯ ಗೆರೆಗಳು ಅಳಿಸದೆ ಉಳಿದು, ಪಕ್ಕದಲ್ಲಿ ಹೊಸ ಗೆರೆಗಳನ್ನು ಎಳೆದಿತ್ತು. ಕಾರು ಹಳೆಯ ಗೆರೆಯನ್ನು ಹಿಡಿದು ಪಕ್ಕದ ಬಸ್ಸಿನ ಕಡೆಗೆ ವಾಲಿತು. ಸ್ನೇಹಿತರು ಸ್ಟಿಯರಿಂಗನ್ನು ಎಳೆದು ಸರಿಪಡಿಸಿ, “ಇಲ್ಲಿ ಇದು ಯಾವಾಗಲೂ ಹೀಗೆಯೇ, ನನಗೆ ಅಭ್ಯಾಸವಾಗಿದೆ” ಎಂದು ನಕ್ಕರು. ನಮಗೆ ನಗು ಬರಲಿಲ್ಲ. ದುರಸ್ತಿಗೆ ಬಿಟ್ಟಾಗ ಅವರು ಇದನ್ನು ತಿಳಿಸಿದ್ದರಂತೆ. ಯಂತ್ರದಲ್ಲಿ ದೋಷವೇನೂ ದಾಖಲಾಗಿಲ್ಲ ಎಂಬ ಉತ್ತರ ಬಂದಿತಂತೆ. ಉತ್ತರ ಸುಳ್ಳಲ್ಲ. ಯಂತ್ರದ ಮಟ್ಟಿಗೆ ಅದು ಗೆರೆಯನ್ನು ಕಂಡಿತು, ಅನುಸರಿಸಿತು. ತಪ್ಪಿದೆನೆಂದು ಅದಕ್ಕೆ ಗೊತ್ತೇ ಇಲ್ಲ. ತಪ್ಪಿತೆಂಬುದಕ್ಕೆ ಸಾಕ್ಷಿಯಾಗಿದ್ದವರು ಕಾರಿನೊಳಗಿದ್ದ ನಾವಿಬ್ಬರೇ.

ಅಪಘಾತವಾದ ಮೇಲೆ ವರದಿ ಬರೆಯಲು ಅಮೆರಿಕದಲ್ಲಿ ಆಜ್ಞೆಯಿದೆ. ೨೦೨೧ರ ಜೂನಿನಿಂದ ಇಂಥ ಕಾರುಗಳ ತಯಾರಕರು ತೀವ್ರ ಅಪಘಾತಗಳನ್ನು ಸರ್ಕಾರಕ್ಕೆ ತಿಳಿಸಬೇಕಾಗಿದೆ. ಆದರೆ ಕೂದಲೆಳೆಯಲ್ಲಿ ತಪ್ಪಿದ ಅನಾಹುತ ಆ ಲೆಕ್ಕಕ್ಕೆ ಸೇರುವುದಿಲ್ಲ. ವಿಮಾನಯಾನದಲ್ಲಿ ಈ ಕೊರತೆಯನ್ನು ೧೯೭೬ರಲ್ಲಿಯೇ ನೀಗಿದರು. ಆ ವರ್ಷದಿಂದ ಅಮೆರಿಕದ ವಿಮಾನಚಾಲಕರು ತಮಗಾದ ಅಪಾಯದ ಅನುಭವಗಳನ್ನೂ, ತಮ್ಮ ತಪ್ಪುಗಳನ್ನೂ ನಾಸಾ ಸಂಸ್ಥೆಗೆ ಬರೆದು ಕಳಿಸುತ್ತಾರೆ. ಅಲ್ಲಿಯವರು ಬರೆದವರ ಗುರುತನ್ನು ತೆಗೆದುಹಾಕಿ, ಉಳಿದುದನ್ನು ಎಲ್ಲರ ಉಪಯೋಗಕ್ಕೆ ಇಡುತ್ತಾರೆ. ದಂಡಿಸುವ ಅಧಿಕಾರವಿರುವ ಇಲಾಖೆಗೆ ಬಿಡದೆ, ಆ ಅಧಿಕಾರವಿಲ್ಲದ ನಾಸಾಕ್ಕೆ ಈ ಕೆಲಸವನ್ನು ವಹಿಸಿದ್ದು ಜಾಣತನ. ಅರೆ ಸ್ವಯಂಚಾಲಿತ ಕಾರುಗಳು ನಮ್ಮ ರಸ್ತೆಗಳಲ್ಲಿ ಇನ್ನೂ ವಿರಳವಾಗಿರುವ ಈಗಲೇ ನಮ್ಮ ದೇಶದಲ್ಲಿಯೂ ಇಂಥದೊಂದು ಏರ್ಪಾಡು ಆಗಬೇಕು. ಅದನ್ನು ನೋಡಿಕೊಳ್ಳಲು ಒಂದು ಇಂಜಿನಿಯರಿಂಗ್ ಕಾಲೇಜಾದರೂ ಸಾಕು.

ಇಂಥ ವರದಿಯಲ್ಲಿ ಏನೇನು ಇರಬೇಕೆಂದು ಕಳೆದ ವಾರ ನಮ್ಮ ತರಗತಿಯಲ್ಲಿ ಕೇಳಿದೆವು. ಸ್ಥಳ, ವೇಳೆ, ವೇಗ ಎಂದು ಒಬ್ಬ ಹೇಳಿದ; ಸೂರ್ಯ ಯಾವ ದಿಕ್ಕಿನಲ್ಲಿದ್ದ, ಮಳೆಯಿತ್ತೇ, ಗೆರೆಗಳು ಮಾಸಿದ್ದುವೇ ಎಂದು ಇನ್ನೊಬ್ಬಳು ಸೇರಿಸಿದಳು; ತಂತ್ರಾಂಶದ ಸಂಖ್ಯೆಯೂ ಬೇಕೆಂದು ಮೂರನೆಯವನು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತು, ಚಾಲಕ ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದನೆಂಬುದೂ ಬೇಕು, ಫೋನು ನೋಡುತ್ತಿದ್ದರೆ ಅದನ್ನೂ ಬರೆಯಬೇಕು, ಆದರೆ ಹೆಸರು ಕೇಳಿದರೆ ಯಾರೂ ಬರೆಯುವುದಿಲ್ಲ ಸಾರ್ ಎಂದ.