ರಾಜರು ಕೊಟ್ಟರು ಸರಿ, ಯಾರಿಗೆ ಕೊಟ್ಟರು?



ಹಾಸ್ಟೆಲಿನ ಹುಡುಗರು ಮೀಸಲಾತಿ ಮಾತೆತ್ತಿದರೆ ಒಂದು ಉತ್ತರ ತಯಾರಿರುತ್ತದೆ: 'ಅದೆಲ್ಲಾ ಮೈಸೂರು ಮಹಾರಾಜರು ಕೊಟ್ಟದ್ದಪ್ಪಾ, ಋಣ ಇರಲಿ.' ನಮ್ಮ ಯಮನೂರು ಮುಂಬಯಿ ಪ್ರಾಂತ್ಯದಾಗಿತ್ತು, ನಮ್ಮ ಹಿರಿಯರು ಆ ರಾಜರ ಪ್ರಜೆಗಳೇ ಅಲ್ಲ. ಆದರೂ ಈ ಋಣದ ಲೆಕ್ಕ ನೋಡಲೇಬೇಕು.

ನಾಲ್ವಡಿಯವರು ತಾವಾಗೇ ಎದ್ದು ಕೊಟ್ಟದ್ದಲ್ಲ. 1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿ ಬ್ರಾಹ್ಮಣೇತರರಿಗೆ ನೌಕರಿಯಲ್ಲಿ ಪಾಲು ಕೇಳಿತು. 1918ರಲ್ಲಿ ಮಿಲ್ಲರ್ ಸಮಿತಿ ಬಂತು. ದಿವಾನ್ ವಿಶ್ವೇಶ್ವರಯ್ಯನವರು ಒಪ್ಪದೆ ಪದವಿ ಬಿಟ್ಟರು. ರಾಜರು ಹಿಂದೆ ಸರಿಯಲಿಲ್ಲ, ಅದನ್ನು ಮೆಚ್ಚುತ್ತೇವೆ. ಆದರೆ 'ಹಿಂದುಳಿದವರು' ಅಂದರೆ ಬ್ರಾಹ್ಮಣರನ್ನು ಬಿಟ್ಟು ಹೆಚ್ಚುಕಡಿಮೆ ಎಲ್ಲಾರೂ. ಗೌಡರೂ ಹೊಲೆಯರೂ ಮಾದಿಗರೂ ಒಂದೇ ಸಾಲಿನಾಗ! ಅಂಥ ಸಾಲಿನಾಗ ಮುಂದ ಯಾರು ನಿಲ್ಲತಾರ? ಹೊಲ ಇದ್ದವರು, ಅಕ್ಷರ ಕಲಿತವರು.

ಮತದ ಕತೆಯೂ ಇಷ್ಟೇ. 1881ರಿಂದ ಪ್ರಜಾಪ್ರತಿನಿಧಿ ಸಭೆ ಇತ್ತು. ಮುಂದೆ ಚುನಾವಣೆ ಬಂದಾಗ ಮತ ಸಿಕ್ಕದ್ದು ಆಸ್ತಿ, ಕಂದಾಯ, ಓದು ಇದ್ದವರಿಗೆ. ಗೇಣು ಭೂಮಿ ಇಲ್ಲದವನಿಗೆ ಯಾವ ಕಂದಾಯ, ಯಾವ ಮತ?

ರಷ್ಯಾದಾಗೂ ಹಿಂಗೇ ಆಯಿತು. 1905ರ ಜನವರಿಯಲ್ಲಿ ಕಾರ್ಮಿಕರು ಝಾರ್ ದೊರೆಯ ಪಟ ಹಿಡಿದುಕೊಂಡೇ ಅರ್ಜಿ ಕೊಡಲು ಹೋದರು. ಎದುರಿಗೆ ಬಂದದ್ದು ಗುಂಡು. ಮುಷ್ಕರ ದೇಶವೆಲ್ಲಾ ಹಬ್ಬಿದ ಮೇಲೆ ಅಕ್ಟೋಬರಿನಲ್ಲಿ ದೊರೆ ಡೂಮಾ ಎಂಬ ಶಾಸನಸಭೆಗೆ ಒಪ್ಪಿದ. ಅದರ ಚುನಾವಣೆಯಲ್ಲಿ ಒಬ್ಬ ಜಮೀನುದಾರನ ಮತಕ್ಕೆ 45 ಕಾರ್ಮಿಕರ ಮತದ ತೂಕ! ಸಭೆಯಲ್ಲಿ ರೈತರ ಕಡೆಯವರು ಭೂಮಿ ಕೇಳಿದ್ದೇ ತಡ, 1906ರಲ್ಲಿ ಎರಡೂವರೆ ತಿಂಗಳೊಳಗೆ ಬಾಗಿಲು ಹಾಕಿಸಿದ. 1917ರಲ್ಲಿ ಅವನ ಸಿಂಹಾಸನವೇ ಹೋಯಿತು.

ನಾಲ್ವಡಿಯವರನ್ನು ಝಾರ್ ಅನ್ನುತ್ತಿಲ್ಲ. ಆದರೆ ಮೈಸೂರಿನಾಗೂ ಗುಂಡು ಮೊದಲು, ಸುಧಾರಣೆ ಆಮೇಲೆ. 1938ರ ಏಪ್ರಿಲ್ 25ಕ್ಕೆ ವಿದುರಾಶ್ವತ್ಥದಲ್ಲಿ ಗೋಲಿಬಾರ್, ಮುಂದಿನ ತಿಂಗಳೇ ಕಾಂಗ್ರೆಸಿನ ಜೊತೆ ರಾಜಿ. 1947ರ ಸೆಪ್ಟೆಂಬರಿನಲ್ಲಿ 'ಮೈಸೂರು ಚಲೋ', ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಸರಕಾರ. ಆಗಲೂ ಕೂಲಿಯವನ ಕೈಗೆ ಮತ ಬರಲಿಲ್ಲ. ಅದನ್ನು ತಂದದ್ದು ಬಾಬಾಸಾಹೇಬರು ಬರೆದ 1950ರ ಸಂವಿಧಾನ. ಋಣದ ಮಾತಾಡುವವರು ಇದನ್ನೂ ಬರೆದುಕೊಳ್ಳಲಿ.

ನಮ್ಮ ಸೀಮೆಯ ರೈತರು ಮಲಪ್ರಭಾ ಕರದ ವಿರುದ್ಧ ನಿಂತು 1980ರ ಜುಲೈ 21ಕ್ಕೆ ನವಲಗುಂದ, ನರಗುಂದದಲ್ಲಿ ಗುಂಡು ತಿಂದರು. ವರ್ಷಾ ಅವರ ನೆನಪು ಮಾಡತಾರ, ನಾವೂ ಹೋಗಬೇಕು. ಆದರೆ ಹೊಲ ಇಲ್ಲದವನಿಗೆ ಕರದ ನೋಟೀಸೂ ಇಲ್ಲ, ನೀರೂ ಇಲ್ಲ. ಅವನ ಕೂಲಿಯ ಮಾತು, ಮನೆ ಜಾಗದ ಮಾತು ಅದೇ ವೇದಿಕೆಯ ಮೇಲೆ ಓದಲು ಈ ಜುಲೈನಾಗ ನಮಗೂ ಹತ್ತು ನಿಮಿಷ ಕೊಡಿರಿ ಅಂತ ಈಗಲೇ ಹೋಗಿ ಕೇಳೋಣ.