ನಿದ್ದೆ ಸೋಮಾರಿತನವಲ್ಲ

ನಿದ್ದೆ ಎಂದರೆ ಮಿದುಳು ಸುಮ್ಮನಾಗುವುದು, ಛಲವಿದ್ದರೆ ಅದನ್ನು ನಾಲ್ಕು ತಾಸಿಗೆ ಇಳಿಸಬಹುದು ಎಂದು ನಿಮ್ಮ ಪುರವಣಿಯ ಲೇಖಕರು ಬರೆದಿದ್ದಾರೆ. ಅವರು ಒಮ್ಮೆ ಸುಗ್ಗಿಗೆ ಮುಂಚೆ ಜೊಯ್ಡಾ ಕಡೆಯ ನಮ್ಮ ಕುಂಬಾರವಾಡಕ್ಕೆ ಬರಲಿ. ಭತ್ತ ತೆನೆ ಬಿಟ್ಟಮೇಲೆ ಗದ್ದೆಯ ಮಾಳದಲ್ಲಿ ಕಾಡುಹಂದಿ ನುಗ್ಗದಂತೆ ಕಾಯುವವರಿಗೆ ಛಲದ ಕೊರತೆಯಿಲ್ಲ. ಆದರೂ ಬೆಳಗಿನ ಜಾವ ಮೂರಕ್ಕೆ ಡಬ್ಬ ಬಡಿಯುವ ಕೈ ತಾನಾಗಿ ನಿಲ್ಲುತ್ತದೆ. ಕಣ್ಣು ಬಿಟ್ಟರೆ ಅರ್ಧ ಗದ್ದೆ ಮಲಗಿರುತ್ತದೆ.

ನಿದ್ದೆ ಬರಿಸುವುದೂ ಮಿದುಳಿನದೇ ಕೆಲಸ. ಮೊದಲ ಮಹಾಯುದ್ಧದ ಕಾಲದಲ್ಲಿ ವಿಯೆನ್ನಾದ ವೈದ್ಯ ಫಾನ್ ಎಕನಾಮೊ ಮಿದುಳುಜ್ವರದ ರೋಗಿಗಳಲ್ಲಿ ಇದನ್ನು ಕಂಡಿದ್ದ: ಮಿದುಳಿನೊಳಗಿನ ಹೈಪೋಥಲಾಮಸ್‌ನ ಹಿಂಭಾಗ ಕೆಟ್ಟವರು ಮಲಗಿಯೇ ಇದ್ದರು, ಮುಂಭಾಗ ಕೆಟ್ಟವರಿಗೆ ನಿದ್ದೆಯೇ ಹತ್ತುತ್ತಿರಲಿಲ್ಲ. ಆ ಮುಂಭಾಗದ ನರಕೋಶಗಳು ಗಾಬಾ ಎಂಬ ರಾಸಾಯನಿಕದಿಂದ ಎಚ್ಚರದ ಕೇಂದ್ರಗಳನ್ನು ಅದುಮುತ್ತವೆ. ಎಚ್ಚರದ ಕೇಂದ್ರಗಳು ಚುರುಕಾದಾಗ ಈ ನರಕೋಶಗಳನ್ನು ಅದುಮುತ್ತವೆ. ತಕ್ಕಡಿಯಂತೆ, ಒಂದೋ ಆ ಕಡೆ, ಇಲ್ಲವೇ ಈ ಕಡೆ. ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಕೂಡುತ್ತ ನಿದ್ದೆಯ ತಟ್ಟೆಯನ್ನು ಭಾರ ಮಾಡುತ್ತದೆ. ಮಾಳದಲ್ಲಿ ಕುಡಿಯುವ ಚಾ ಆ ಭಾರ ಇಳಿಸುವುದಿಲ್ಲ. ಬಸ್ಸಿನ ಸೀಟಿಗೆ ಟವೆಲ್ ಹಾಕಿದಂತೆ ಅಡೆನೊಸಿನ್ ಕೂರುವ ಜಾಗವನ್ನು ಒಂದಿಷ್ಟು ಹೊತ್ತು ಹಿಡಿದಿಡುತ್ತದೆ, ಅಷ್ಟೆ.

ಗಾಢನಿದ್ದೆಯಲ್ಲೂ ಮಿದುಳು ಖಾಲಿ ಕೂರುವುದಿಲ್ಲ. ಅಸಂಖ್ಯ ನರಕೋಶಗಳು ಒಟ್ಟಿಗೇ ಮಿಡಿದು, ಒಟ್ಟಿಗೇ ತಣ್ಣಗಾಗುತ್ತ ನಿಧಾನದ ಅಲೆಗಳನ್ನು ಎಬ್ಬಿಸುತ್ತಿರುತ್ತವೆ. ಕಡಿಮೆ ನಿದ್ದೆಯೇ ಸಾಕಾಗುವವರು ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ, ನಿಜ. ಅದು ಅವರ ವಂಶವಾಹಿಯ ಕೊಡುಗೆ, ಛಲದ ಗಳಿಕೆಯಲ್ಲ.

ನಾಲ್ಕು ತಾಸಿನ ಲೇಖಕರು ಬೈಕ್ ಹತ್ತಿ ಜೊಯ್ಡಾ ಕಡೆ ಹೊರಡುವ ದಿನ ದಯವಿಟ್ಟು ಮೊದಲೇ ತಿಳಿಸಲಿ. ನಾವು ರಸ್ತೆ ಬಿಟ್ಟು ನಿಲ್ಲುತ್ತೇವೆ.